ಹಳೇ ಪ್ರಾಜೆಕ್ಟ್ ನಕಲು ಮಾಡುವುದನ್ನು ಬಿಟ್ಟು ಜಾವಾ ಟೆಂಪ್ಲೇಟ್ ಮಾಡಿಕೊಂಡರೆ ಆಗುತ್ತದೆಯೇ?

ಓದುಗರ ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮದು ಐದು ಜನರ ಸಾಫ್ಟ್‌ವೇರ್ ಕಂಪನಿ. ಜಾವಾ ಭಾಷೆ, ಅದರಲ್ಲಿ ಅಪ್ಲಿಕೇಶನ್ ಕಟ್ಟುವ ಚೌಕಟ್ಟಾದ ಸ್ಪ್ರಿಂಗ್ ಬೂಟ್, ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬಿಲ್ಡ್ ಮಾಡುವ ಮೇವನ್ ಬಳಸುತ್ತೇವೆ. ಬ್ಯಾಡಗಿಯ ದಲಾಲಿ ಅಂಗಡಿಗಳ ಬಿಲ್ಲಿಂಗ್, ಗದಗಿನ ಒಂದು ಪತ್ತಿನ ಸಹಕಾರಿ ಸಂಘದ ಲೆಕ್ಕ, ಹಾವೇರಿಯ ಶಾಲೆಯೊಂದರ ಫೀ ವಸೂಲಿ, ಹೀಗೆ ಕೆಲಸ ಬರುತ್ತದೆ. ಪ್ರತಿ ಸಲವೂ ಹಿಂದಿನ ಪ್ರಾಜೆಕ್ಟ್ ನಕಲು ಮಾಡಿ, ಪ್ಯಾಕೇಜ್ ಹೆಸರು ಬದಲಿಸಿ, ಬೇಡದ್ದನ್ನು ಅಳಿಸಿ ಶುರು ಮಾಡುತ್ತೇವೆ. ಮೊನ್ನೆ ಹಾವೇರಿ ಶಾಲೆಯ ರಸೀದಿಯ ಅಡಿಯಲ್ಲಿ ಬ್ಯಾಡಗಿಯ ಅಂಗಡಿಯ ಹೆಸರು ಅಚ್ಚಾಗಿ ಬಂತು. ಮಾಲೀಕರು ‘ಈ ತಿಂಗಳೇ ಒಂದು ಟೆಂಪ್ಲೇಟ್ ಮಾಡಿಬಿಡಿ’ ಅನ್ನುತ್ತಿದ್ದಾರೆ. ‘ಖಾಲಿ ಪ್ರಾಜೆಕ್ಟ್ ಸಿದ್ಧಮಾಡಿ ಕೊಡುವ ಸ್ಪ್ರಿಂಗ್ ಇನಿಶಿಯಲೈಜರ್ ತಾಣ ಇರುವಾಗ ಅದೆಲ್ಲ ಯಾಕೆ’ ಎಂದು ಒಬ್ಬ ಸಹೋದ್ಯೋಗಿ ಕೇಳುತ್ತಾರೆ. ‘ಮೇವನ್‌ನಲ್ಲಿ ಒಂದೇ ಕಮಾಂಡಿನಲ್ಲಿ ಆಗುತ್ತೆ’ ಎಂದು ಇನ್ನೊಬ್ಬರು. ವರ್ಷದೊಳಗೆ ಟೆಂಪ್ಲೇಟೇ ಹಳತಾಗಿ ಎಲ್ಲ ಪ್ರಾಜೆಕ್ಟುಗಳೂ ಅದರಲ್ಲೇ ಸಿಕ್ಕಿಕೊಂಡರೆ ಎಂಬುದು ನನ್ನ ಭಯ. ಕೆಲವು ಗ್ರಾಹಕರಿಗೆ ಸೋರ್ಸ್ ಕೋಡ್ ಕೂಡ ಒಪ್ಪಿಸಬೇಕಾಗುತ್ತದೆ. ಯಾವ ದಾರಿ ಹಿಡಿಯಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆಗಳಿವೆ. ಹೊಸ ಪ್ರಾಜೆಕ್ಟ್ ಶುರುವಾಗುವಾಗ ಹಳೆಯದರ ಕಸ ಅದರೊಳಗೆ ಬರಬಾರದು ಎಂಬುದು ಮೊದಲನೆಯದು. ಶುರುವಾದ ಪ್ರಾಜೆಕ್ಟುಗಳನ್ನೆಲ್ಲ ಮುಂದೆ ಹಲವು ವರ್ಷ ಕಾಪಾಡುವುದು ಹೇಗೆ ಎಂಬುದು ಎರಡನೆಯದು. ಟೆಂಪ್ಲೇಟ್ ಪರಿಹರಿಸುವುದು ಮೊದಲನೆಯದನ್ನು ಮಾತ್ರ. ಎರಡನೆಯದಕ್ಕೂ ಅದೇ ಮದ್ದು ಎಂದುಕೊಂಡ ತಂಡಗಳು ನೀವು ಹೇಳುವ ಹಾಗೆಯೇ ಸಿಕ್ಕಿಹಾಕಿಕೊಳ್ಳುತ್ತವೆ. ನಿಮ್ಮ ಭಯ ಸುಳ್ಳಲ್ಲ.

ಮೆಣಸಿನ ಅಗಿಯನ್ನು ಮಡಿಯಿಂದ ಕಿತ್ತು ಹೊಲಕ್ಕೆ ಹಚ್ಚಿದ ಮೇಲೆ ಮಡಿಗೆ ಎಷ್ಟು ನೀರು ಹಾಯಿಸಿದರೂ ಹೊಲದ ಗಿಡಕ್ಕೆ ಮುಟ್ಟುವುದಿಲ್ಲ. ಟೆಂಪ್ಲೇಟಿನ ಕಥೆಯೂ ಅಷ್ಟೇ. ಪ್ರಾಜೆಕ್ಟ್ ಹುಟ್ಟಿದ ಕ್ಷಣಕ್ಕೆ ಸಂಬಂಧ ಮುಗಿಯುತ್ತದೆ. ನಾಳೆ ಟೆಂಪ್ಲೇಟಿನಲ್ಲಿ ದೋಷವೊಂದು ಸಿಕ್ಕಿ ತಿದ್ದಿದರೆ ಮುಂದಿನ ಪ್ರಾಜೆಕ್ಟ್ ಸರಿಯಾಗಿರುತ್ತದೆ, ಈಗಾಗಲೇ ಹುಟ್ಟಿದವು ಹಾಗೇ ಉಳಿಯುತ್ತವೆ.

ಡಿಸೆಂಬರ್ 2021ರಲ್ಲಿ, ಪ್ರೋಗ್ರಾಂನಲ್ಲಿ ನಡೆದದ್ದನ್ನು ದಾಖಲಿಸುವ (ಲಾಗ್ ಬರೆಯುವ) ಜಾವಾ ಲೈಬ್ರರಿ ಲಾಗ್‌ಫೋರ್‌ಜೆ 2ರಲ್ಲಿ ‘ಲಾಗ್‌ಫೋರ್‌ಶೆಲ್’ ದೋಷ ಬಯಲಾದಾಗ ಇದು ಎಲ್ಲರಿಗೂ ಬಿಸಿ ಮುಟ್ಟಿಸಿತು. ಲಾಗಿಗೆ ಬರೆಯುವ ಒಂದು ಸಾಲು ಪಠ್ಯದ ಮೂಲಕವೇ ಹೊರಗಿನವರು ಸರ್ವರಿನಲ್ಲಿ ತಮ್ಮ ಕೋಡ್ ಓಡಿಸಬಹುದಾದ ದೋಷ ಅದು. ತಿದ್ದಿದ ಆವೃತ್ತಿ 2.15.0 ಬಂತು, ಅದೂ ಸಾಲದೆ ಅದೇ ತಿಂಗಳಲ್ಲಿ 2.16.0, 2.17.0, 2.17.1 ಬಂದವು. ಸ್ಪ್ರಿಂಗ್ ಬೂಟ್ ತಾನಾಗಿ ಕೊಡುವುದು ಲಾಗ್‌ಬ್ಯಾಕ್ ಎಂಬ ಬೇರೆ ಲೈಬ್ರರಿ ಆದ್ದರಿಂದ ಅದನ್ನು ಮುಟ್ಟದವರು ಬಚಾವಾದರು. ಲಾಗ್‌ಫೋರ್‌ಜೆಯನ್ನು ಆರಿಸಿಕೊಂಡು, ಆವೃತ್ತಿಯ ಸಂಖ್ಯೆಯನ್ನು ಪ್ರತಿ ಪ್ರಾಜೆಕ್ಟಿನ ಪಾಮ್ ಫೈಲಿಗೂ (ಯಾವ ಲೈಬ್ರರಿ ಬೇಕೆಂದು ಮೇವನ್‌ಗೆ ಹೇಳುವ ಫೈಲು) ನಕಲು ಮಾಡಿದ್ದ ತಂಡಗಳು ಒಂದೊಂದನ್ನೇ ತೆರೆದು, ತಿದ್ದಿ, ಬಿಲ್ಡ್ ಮಾಡಿ, ಗ್ರಾಹಕರ ಸರ್ವರಿಗೆ ಏರಿಸಬೇಕಾಯಿತು, ಅದೂ ಒಂದೇ ತಿಂಗಳಲ್ಲಿ ನಾಲ್ಕು ಸಲ. ಆವೃತ್ತಿಯನ್ನು ಒಂದೇ ಕಡೆ ಇಟ್ಟುಕೊಂಡವರು ಅಲ್ಲಿ ತಿದ್ದಿ, ಉಳಿದ ಕಡೆ ಒಂದು ಸಾಲು ಬದಲಿಸಿ ಮುಗಿಸಿದರು.

ಹಾಗಾಗಿ ಯಾವ ಉಪಕರಣ ಎಂದು ಕೇಳುವ ಮೊದಲು ನಿಮ್ಮ ಹಳೇ ಪ್ರಾಜೆಕ್ಟೊಂದನ್ನು ತೆರೆದು, ಪ್ರತಿ ಫೈಲಿನ ಮುಂದೆ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಮುಂದೆ ಆಯಾ ಗ್ರಾಹಕರಿಗೆ ತಕ್ಕಂತೆ ಬೇರೆಬೇರೆ ಆಗಬೇಕಾದದ್ದೋ, ಎಲ್ಲ ಕಡೆ ಒಂದೇ ಇರಬೇಕಾದದ್ದೋ? ಬೇರೆ ಆಗುವುದು ಮಾತ್ರ ನಕಲಾಗಲಿ. ಒಂದೇ ಇರಬೇಕಾದದ್ದು ನಕಲಾಗಬಾರದು, ಕೊಂಡಿಯಾಗಿ ಉಳಿಯಬೇಕು. ಹೀಗೆ ಬೇರ್ಪಡಿಸಿದರೆ ನಕಲಾಗಬೇಕಾದದ್ದು ಬಹಳ ಕಡಿಮೆ ಎಂದು ಗೊತ್ತಾಗುತ್ತದೆ. ಮೇನ್ ಕ್ಲಾಸ್, ಫೋಲ್ಡರುಗಳ ರಚನೆ, ಕಾನ್ಫಿಗರೇಶನ್ ಫೈಲಿನ ಖಾಲಿ ಚೌಕಟ್ಟು, ಡಾಕರ್ ಫೈಲು, ಬಿಲ್ಡ್ ಓಡಿಸುವ ಸ್ಕ್ರಿಪ್ಟು, ಒಂದು ಮಾದರಿ ಟೆಸ್ಟ್. ಅಲ್ಲಿಗೆ ಮುಗಿಯಿತು.

ಈಗ ನಿಮ್ಮ ಸಹೋದ್ಯೋಗಿಗಳ ಮಾತಿಗೆ ಬರೋಣ. ಇನಿಶಿಯಲೈಜರ್ ಸಾಕು ಎಂಬುದು ಅರ್ಧ ನಿಜ. ಅದು ಕೊಡುವ ಆವೃತ್ತಿಗಳು ಯಾವಾಗಲೂ ತಾಜಾ, ಪಾಮ್ ಫೈಲು ಶುದ್ಧ, ಮೇವನ್ ರ‍್ಯಾಪರ್ ಜೊತೆಗೇ ಬರುತ್ತದೆ. ನಿಮ್ಮ ಟೆಂಪ್ಲೇಟ್ ಶುರುವಾಗಬೇಕಾದದ್ದೂ ಅಲ್ಲಿಂದಲೇ. ಈಗಿರುವ ಬ್ಯಾಡಗಿ ಪ್ರಾಜೆಕ್ಟನ್ನು ಕತ್ತರಿಸಿ ಟೆಂಪ್ಲೇಟ್ ಮಾಡಲು ಹೋಗಬೇಡಿ. ಅಳಿಸುತ್ತಾ ಹೋದರೆ ಏನೋ ಒಂದು ಉಳಿದೇ ಉಳಿಯುತ್ತದೆ, ಶಾಲೆಯ ರಸೀದಿಯಲ್ಲಿ ಉಳಿದ ಹಾಗೆ. ಹೊಸದಾಗಿ ತೆಗೆದುಕೊಂಡು ಬೇಕಾದದ್ದನ್ನಷ್ಟೇ ಸೇರಿಸುತ್ತಾ ಬನ್ನಿ. ಆದರೆ ನಮ್ಮ ಕಡೆಯ ವ್ಯವಹಾರಕ್ಕೆ ಏನು ಬೇಕು ಎಂಬುದು ಇನಿಶಿಯಲೈಜರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ನಿಮ್ಮ ಕಂಪನಿಯ ನಿಜವಾದ ಆಸ್ತಿ ಇರುವುದು ಅಲ್ಲಿ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಸೀದಿಯ ಮೊತ್ತ 12,34,567 ಎಂದು ಬರಬೇಕು. ಜಾವಾದ ಡೆಸಿಮಲ್‌ಫಾರ್ಮ್ಯಾಟ್ 1,234,567 ಎಂದೇ ಅಚ್ಚು ಹಾಕುತ್ತದೆ. ಪ್ಯಾಟರ್ನಿನಲ್ಲಿ ನೀವು ಎಷ್ಟು ಅಲ್ಪವಿರಾಮ ಹಾಕಿದರೂ ಕೊನೆಯ ಗುಂಪಿನ ಅಗಲವನ್ನು ಮಾತ್ರ ಅದು ನೋಡಿ, ಉಳಿದ ಗುಂಪುಗಳಿಗೂ ಅದನ್ನೇ ಅನ್ವಯಿಸುತ್ತದೆ. ಲಕ್ಷ, ಕೋಟಿಯ ಲೆಕ್ಕಕ್ಕೆ ಐಸಿಯು4ಜೆ ಲೈಬ್ರರಿ ಬೇಕು, ಇಲ್ಲವೇ ಹತ್ತು ಸಾಲಿನ ಸ್ವಂತ ಕೋಡ್. ನಿಮ್ಮ ಪ್ರತಿ ಪ್ರಾಜೆಕ್ಟಿನಲ್ಲೂ ಆ ಹತ್ತು ಸಾಲು ಬೇರೆಬೇರೆ ರೂಪದಲ್ಲಿ ಕೂತಿರುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಸಮಯದ್ದೂ ಹಾಗೇ. ಕ್ಲೌಡ್ ಸರ್ವರ್ ಸಾಮಾನ್ಯವಾಗಿ ಯುಟಿಸಿ ಎಂಬ ವಿಶ್ವ ಸಮಯದಲ್ಲಿ ಓಡುತ್ತದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸುಗ್ಗಿಯಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಲಾರಿ ಲೋಡ್ ಮಾಡಿ ಬಿಲ್ಲು ತೆಗೆದರೆ, ಬೆಳಗಿನ 5.30ರ ತನಕ ಆ ಬಿಲ್ಲಿನ ಮೇಲೆ ನಿನ್ನೆಯ ತಾರೀಖು ಬೀಳುತ್ತದೆ. ಅದು ಮಾರ್ಚ್ 31ರ ರಾತ್ರಿಯಾದರೆ ಬಿಲ್ಲು ಹಿಂದಿನ ಹಣಕಾಸು ವರ್ಷಕ್ಕೆ ಹೋಗಿ ಕೂರುತ್ತದೆ, ಬಿಲ್ ಸಂಖ್ಯೆಯ ಸರಣಿಯೂ ತಪ್ಪುತ್ತದೆ. ಏಷ್ಯಾ/ಕೋಲ್ಕತಾ ವಲಯವನ್ನು ಕೊಟ್ಟು ಒಂದು ಕ್ಲಾಕ್ ಬೀನ್ (ಇಡೀ ಅಪ್ಲಿಕೇಶನ್ ಹಂಚಿಕೊಂಡು ಬಳಸುವ ಗಡಿಯಾರ) ಮಾಡಿ. ಇವತ್ತಿನ ದಿನಾಂಕ ಬೇಕಾದಲ್ಲೆಲ್ಲ ಅದನ್ನೇ ಕೇಳಿ. ಟೆಸ್ಟ್ ಬರೆಯುವಾಗ ಗಡಿಯಾರವನ್ನು ಮಾರ್ಚ್ 31ಕ್ಕೆ ನಿಲ್ಲಿಸಿ ನೋಡುವ ಅನುಕೂಲವೂ ಸಿಗುತ್ತದೆ.

ಕನ್ನಡದ ಪಿಡಿಎಫ್ ಇನ್ನೊಂದು ಗೋಳು. ಹಲವು ಉಚಿತ ಜಾವಾ ಪಿಡಿಎಫ್ ಲೈಬ್ರರಿಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ನಮ್ಮೂರಿನ ಹೆಸರೇ ‘ಹುಬ್‌ಬಳ್‌ಳಿ’ ಎಂದು ಚದುರಿ ಬರುತ್ತದೆ. ಫಾಂಟ್ ಬದಲಿಸಿ ಬದಲಿಸಿ ದಿನಗಟ್ಟಲೆ ಕಳೆಯುವ ಹುಡುಗರನ್ನು ನೋಡಿದ್ದೇನೆ. ಆದರೆ ದೋಷ ಫಾಂಟಿನಲ್ಲಿಲ್ಲ, ಅಕ್ಷರಗಳನ್ನು ಕೂಡಿಸುವ ಶೇಪಿಂಗ್ ಹಂತವೇ ಅಲ್ಲಿ ಇರುವುದಿಲ್ಲ. ರಸೀದಿಯನ್ನು ಎಚ್‌ಟಿಎಂಎಲ್ ಆಗಿ ಮಾಡಿ, ಕಿಟಕಿ ತೆರೆಯದೆ ಓಡುವ ಕ್ರೋಮಿಯಂನಿಂದ ಪಿಡಿಎಫ್ ತೆಗೆದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಮೆಮೊರಿ ಹೆಚ್ಚು ತಿನ್ನುತ್ತದೆ, ಅದು ಅದರ ಬೆಲೆ. ಇದರ ಜೊತೆಗೆ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ರೀತಿ. ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಡೀಫಾಲ್ಟ್. ಜಾವಾ 17 ಅಥವಾ ಅದಕ್ಕಿಂತ ಹಳೆಯದನ್ನು ವಿಂಡೋಸ್‌ನಲ್ಲಿ ಓಡಿಸಿದರೆ ಡೀಫಾಲ್ಟ್ ಬೇರೆ ಇರುತ್ತದೆ, ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಹಣದ ಲೆಕ್ಕಕ್ಕೆ ದಶಮಾಂಶದಲ್ಲಿ ತಪ್ಪುವ ಡಬಲ್ ಬೇಡ, ನಿಖರವಾದ ಬಿಗ್‌ಡೆಸಿಮಲ್ ಎಂಬುದನ್ನು ನಿಮಗೆ ಹೇಳಬೇಕಿಲ್ಲ. ಆದರೆ ಪೈಸೆಯ ರೌಂಡಿಂಗ್ ಯಾವ ಹಂತದಲ್ಲಿ, ಪ್ರತಿ ಸಾಲಿಗೋ ಒಟ್ಟು ಮೊತ್ತಕ್ಕೋ ಎಂಬ ತೀರ್ಮಾನವೂ ಒಂದೇ ಕಡೆ ಇರಲಿ.

ಇವು ಯಾವುವೂ ಟೆಂಪ್ಲೇಟಿಗೆ ಸೇರಬಾರದು. ಇವು ನಿಮ್ಮ ಕಂಪನಿಯ ಸಣ್ಣ ಲೈಬ್ರರಿಯಾಗಿ, ಆವೃತ್ತಿ ಸಂಖ್ಯೆ ಹೊತ್ತು, ಪ್ರತಿ ಪ್ರಾಜೆಕ್ಟಿಗೂ ಡಿಪೆಂಡೆನ್ಸಿಯಾಗಿ (ಹೊರಗಿನಿಂದ ಎಳೆದುಕೊಳ್ಳುವ ಲೈಬ್ರರಿಯಾಗಿ) ಹೋಗಬೇಕು. ರೌಂಡಿಂಗಿನಲ್ಲಿ ತಪ್ಪು ಸಿಕ್ಕರೆ ಒಮ್ಮೆ ತಿದ್ದುತ್ತೀರಿ, ಬ್ಯಾಡಗಿ, ಗದಗ, ಹಾವೇರಿ ಮೂರಕ್ಕೂ ತಲುಪುತ್ತದೆ. ಇಲ್ಲೂ ಅಪಾಯವಿದೆ. ಇಂಥ ಲೈಬ್ರರಿ ಬೇಗ ಗೋದಾಮಾಗುತ್ತದೆ, ಎಲ್ಲಿ ಇಡಬೇಕೆಂದು ತಿಳಿಯದ ಕೋಡ್ ಎಲ್ಲ ಅಲ್ಲಿಗೇ ಬಂದು ಬೀಳುತ್ತದೆ. ಮೂರನೇ ಪ್ರಾಜೆಕ್ಟಿಗೆ ಬೇಕಾಗುವ ತನಕ ಯಾವುದನ್ನೂ ಒಳಗೆ ಬಿಡಬೇಡಿ. ದಲಾಲಿಯ ಕಮಿಷನ್, ಹಮಾಲಿ ಲೆಕ್ಕ ದಲಾಲಿ ಅಂಗಡಿಗಳಿಗಷ್ಟೇ ಬೇಕು, ಶಾಲೆಯ ಪ್ರಾಜೆಕ್ಟಿಗೆ ಅದರ ನೆರಳೂ ಸೋಕಬಾರದು.

ಇನ್ನು ಆ ‘ಒಂದೇ ಕಮಾಂಡ್’. ಮೇವನ್ ಪ್ರಾಜೆಕ್ಟ್ ಟೆಂಪ್ಲೇಟಿಗೆ ಆರ್ಕಿಟೈಪ್ ಎನ್ನುತ್ತದೆ. ಅದರ ಆರ್ಕಿಟೈಪ್ ಪ್ಲಗಿನ್‌ನಲ್ಲಿ ಕ್ರಿಯೇಟ್-ಫ್ರಮ್-ಪ್ರಾಜೆಕ್ಟ್ ಎಂಬ ಗೋಲ್ (ಕಮಾಂಡ್) ಇದೆ. ಇರುವ ಪ್ರಾಜೆಕ್ಟಿನಿಂದ ಟೆಂಪ್ಲೇಟ್ ಮಾಡಿಕೊಡುತ್ತದೆ, ಸುಳ್ಳಲ್ಲ. ಆದರೆ ಅದು ಬದಲಿಸುವುದು ಪ್ಯಾಕೇಜ್ ಹೆಸರು, ಗ್ರೂಪ್ ಐಡಿ, ಆರ್ಟಿಫ್ಯಾಕ್ಟ್ ಐಡಿ ಇಂಥವನ್ನು. ‘ಬ್ಯಾಡಗಿ ಬಿಲ್ ಕಂಟ್ರೋಲರ್’ ಎಂಬ ಕ್ಲಾಸಿನ ಹೆಸರು, ಡೇಟಾಬೇಸಿನ ಹೆಸರು, ರಸೀದಿಯ ಅಡಿಬರಹ ಅದಕ್ಕೆ ಕಾಣುವುದಿಲ್ಲ. ನಿಮಗೆ ಆದ ಅವಾಂತರವನ್ನು ಆ ಕಮಾಂಡ್ ತಡೆಯುತ್ತಿರಲಿಲ್ಲ. ಅದರ ಫಲ ಬೀಳುವುದು ಟಾರ್ಗೆಟ್ ಫೋಲ್ಡರಿನೊಳಗೆ, ಮುಂದಿನ ಕ್ಲೀನ್ ಓಡಿಸಿದ ಕೂಡಲೇ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಅದನ್ನು ಬೇರೆ ರೆಪೊಸಿಟರಿಗೆ ಎತ್ತಿಡಬೇಕು. ಗಿಟ್‌ಗೆ ಯಾವ ಫೈಲು ಸೇರಬಾರದು ಎಂದು ಹೇಳುವ ಡಾಟ್‌ಗಿಟ್‌ಇಗ್ನೋರ್ ಫೈಲು ಡೀಫಾಲ್ಟ್ ಆಗಿ ಕೈಬಿಡುವ ಪಟ್ಟಿಯಲ್ಲಿ ಇರುವುದರಿಂದ ಹಲವು ಸಲ ಟೆಂಪ್ಲೇಟಿನೊಳಗೆ ಸೇರುವುದೇ ಇಲ್ಲ. ರಿಸೋರ್ಸಸ್ ಪ್ಲಗಿನ್‌ಗೆ ಹೇಳಿ ಒಳಗೆ ತರಬೇಕು.

ಇನ್ನೊಂದು ಬಲೆ ಕಣ್ಣಿಗೆ ಬೀಳದಂಥದ್ದು. ಆರ್ಕಿಟೈಪ್ ಒಳಗಡೆ ಬಳಸುವುದು, ಪಠ್ಯದ ಖಾಲಿ ಜಾಗಗಳನ್ನು ತುಂಬುವ ವೆಲಾಸಿಟಿ ಎಂಜಿನ್. ಅದಕ್ಕೆ ## ಎಂದರೆ ಕಾಮೆಂಟ್, $ ಎಂದರೆ ವೇರಿಯಬಲ್. ಕಮಾಂಡ್ ತಾನಾಗಿ ಮಾಡುವಾಗ ಈ ಚಿಹ್ನೆಗಳಿಗೆ ಬೇರೆ ಹೆಸರಿಟ್ಟು ಕಾಪಾಡುತ್ತದೆ. ಆಮೇಲೆ ಯಾರಾದರೂ ರೀಡ್‌ಮೀ ಫೈಲಿಗೆ ಕೈಯಾರೆ ## ಹಾಕಿ ಒಂದು ಉಪಶೀರ್ಷಿಕೆ ಬರೆದರೆ, ಹೊಸ ಪ್ರಾಜೆಕ್ಟಿನಲ್ಲಿ ಆ ಸಾಲೇ ಇರುವುದಿಲ್ಲ. ಎರರ್ ಕೂಡ ಬರುವುದಿಲ್ಲ. ರೀಡ್‌ಮೀಯಲ್ಲಾದರೆ ಪರವಾಗಿಲ್ಲ, ಸ್ಕ್ರಿಪ್ಟಿನಲ್ಲಾದರೆ ಹುಡುಕಿ ಸಾಕಾಗುತ್ತದೆ. ಅಂಥ ಫೈಲುಗಳನ್ನು ಆರ್ಕಿಟೈಪಿನ ಮೆಟಾಡೇಟಾದಲ್ಲಿ ಫಿಲ್ಟರ್ ಆಗದ (ವೆಲಾಸಿಟಿ ಮುಟ್ಟದ) ಗುಂಪಿಗೆ ಹಾಕಿಡಿ.

ಕೋಡ್ ಇಡುವ ತಾಣ ಗಿಟ್‌ಹಬ್‌ನ ಟೆಂಪ್ಲೇಟ್ ರೆಪೊಸಿಟರಿ ಇದಕ್ಕಿಂತ ಸರಳ. 2019ರಿಂದ ಇದೆ. ಒಂದು ಬಟನ್ ಒತ್ತಿದರೆ ಹೊಸ ರೆಪೊಸಿಟರಿ ಸಿದ್ಧ, ಹಳೇ ಕಮಿಟ್‌ಗಳ ಇತಿಹಾಸ ಬರುವುದಿಲ್ಲ. ಇದನ್ನು ಫೋರ್ಕ್ (ಮೂಲದ ಇತಿಹಾಸದೊಂದಿಗೇ ಬರುವ ನಕಲು) ಎಂದುಕೊಂಡು, ಮುಂದೆ ಟೆಂಪ್ಲೇಟಿನ ಬದಲಾವಣೆಯನ್ನು ಎಳೆದುಕೊಳ್ಳಬಹುದು ಎಂದು ನಂಬಿದವರಿದ್ದಾರೆ. ಇತಿಹಾಸಕ್ಕೆ ಸಂಬಂಧವೇ ಇಲ್ಲದ್ದರಿಂದ ಅದು ಸಲೀಸಾಗಿ ಆಗುವ ಕೆಲಸವಲ್ಲ. ಪ್ಯಾಕೇಜ್ ಹೆಸರನ್ನೂ ಅದು ಬದಲಿಸಿಕೊಡುವುದಿಲ್ಲ, ಅದಕ್ಕೊಂದು ಸಣ್ಣ ಸ್ಕ್ರಿಪ್ಟ್ ನೀವೇ ಬರೆದುಕೊಳ್ಳಬೇಕು. ಸ್ವಂತ ಇನಿಶಿಯಲೈಜರ್ ಸರ್ವರ್ ನಡೆಸುವ ದಾರಿಯೂ ಇದೆ, ಕೋಡ್ ಮುಕ್ತವಾಗಿ ಸಿಗುತ್ತದೆ. ನೂರಾರು ಡೆವಲಪರುಗಳಿರುವ ಕಂಪನಿಗೆ ಅದು ಸರಿ, ಐದು ಜನಕ್ಕೆ ಅದನ್ನು ಸಾಕುವುದೇ ಒಂದು ಕೆಲಸವಾಗುತ್ತದೆ.

ಕೊಂಡಿಯಾಗಿ ಉಳಿಯುವ ಭಾಗಕ್ಕೆ ಮೇವನ್‌ನಲ್ಲಿ ಸಿಗುವ ಒಳ್ಳೆಯ ಸಾಧನ ಪೇರೆಂಟ್ ಪಾಮ್, ಅಂದರೆ ಎಲ್ಲ ಪ್ರಾಜೆಕ್ಟುಗಳ ಪಾಮ್ ಫೈಲುಗಳೂ ತಮ್ಮ ಸೆಟ್ಟಿಂಗುಗಳನ್ನು ಪಡೆಯುವ ಮೂಲ ಪಾಮ್ ಫೈಲು. ನಿಮ್ಮ ಕಂಪನಿಯ ಪೇರೆಂಟ್, ಅದರ ಮೇಲೆ ಸ್ಪ್ರಿಂಗ್ ಬೂಟಿನ ಸ್ಟಾರ್ಟರ್ ಪೇರೆಂಟ್. ಜಾವಾ ಆವೃತ್ತಿ, ಪ್ಲಗಿನ್‌ಗಳು, ಲೈಬ್ರರಿಗಳ ಆವೃತ್ತಿ, ತಪ್ಪು ಜಾವಾದಲ್ಲಿ ಬಿಲ್ಡ್ ಮಾಡಿದರೆ ನಿಲ್ಲಿಸುವ ಎನ್‌ಫೋರ್ಸರ್ ನಿಯಮ ಎಲ್ಲ ಅಲ್ಲಿರಲಿ. ಪ್ರಾಜೆಕ್ಟಿನ ಪಾಮ್ ಫೈಲಿನಲ್ಲಿ ಆವೃತ್ತಿ ಸಂಖ್ಯೆ ಕಾಣುವುದು ಪೇರೆಂಟಿನದೊಂದೇ ಆಗಬೇಕು. ರಿಲೇಟಿವ್‌ಪಾತ್ ಟ್ಯಾಗನ್ನು ಖಾಲಿ ಬಿಡುವುದು ಮರೆಯಬೇಡಿ, ಇಲ್ಲದಿದ್ದರೆ ಮೇವನ್ ಮೊದಲು ಒಂದು ಹಂತ ಮೇಲಿನ ಫೋಲ್ಡರಿನಲ್ಲಿ ಪೇರೆಂಟನ್ನು ಹುಡುಕುತ್ತದೆ. ಪೇರೆಂಟಿಗೆ ಸ್ನ್ಯಾಪ್‌ಶಾಟ್ (ಬದಲಾಗುತ್ತಲೇ ಇರುವ ಕರಡು) ಆವೃತ್ತಿ ಕೊಡಬೇಡಿ. ಒಬ್ಬರು ಸಂಜೆ ಮಾಡಿದ ಬದಲಾವಣೆಯಿಂದ ಬೆಳಿಗ್ಗೆ ಎಲ್ಲರ ಬಿಲ್ಡ್ ಒಡೆಯುತ್ತದೆ. ಇದನ್ನೆಲ್ಲ ಇಡಲು ಖಾಸಗಿ ಮೇವನ್ ರೆಪೊಸಿಟರಿ ಬೇಕು. ನೆಕ್ಸಸ್ ಸರ್ವರನ್ನು ನೀವೇ ನಡೆಸಬಹುದು, ಗಿಟ್‌ಹಬ್ ಪ್ಯಾಕೇಜಸ್ ಬಳಸಬಹುದು. ಎರಡನೆಯದರಲ್ಲಿ ಓದುವುದಕ್ಕೂ ಟೋಕನ್ ಬೇಕು ಎಂಬುದು ಗೊತ್ತಿರಲಿ. ಮೇವನ್ ಬದಲು ಗ್ರೇಡಲ್ ಎಂಬ ಬಿಲ್ಡ್ ಉಪಕರಣ ಬಳಸುವವರಿಗೆ ಇದೇ ಕೆಲಸವನ್ನು ಕನ್ವೆನ್ಶನ್ ಪ್ಲಗಿನ್‌ಗಳು ಮಾಡುತ್ತವೆ, ಆದರೆ ಇದಕ್ಕಾಗಿ ಮೇವನ್ ಬಿಟ್ಟು ಹೋಗಬೇಕಾಗಿಲ್ಲ.

ನಿಮ್ಮ ಜಾಗದಲ್ಲಿದ್ದರೆ ನಾನು ಪೇರೆಂಟ್ ಮತ್ತು ಲೈಬ್ರರಿಯನ್ನು ಮೊದಲು ಮಾಡುತ್ತೇನೆ, ಟೆಂಪ್ಲೇಟನ್ನು ಆಮೇಲೆ. ಟೆಂಪ್ಲೇಟಿಗೆ ಗಿಟ್‌ಹಬ್ ರೆಪೊಸಿಟರಿ ಮತ್ತು ಹೆಸರು ಬದಲಿಸುವ ಸ್ಕ್ರಿಪ್ಟ್ ಸಾಕು. ಹಲವು ಮಾಡ್ಯೂಲುಗಳ ಪ್ರಾಜೆಕ್ಟುಗಳು ಪದೇ ಪದೇ ಬರತೊಡಗಿದರೆ ಆಗ ಆರ್ಕಿಟೈಪಿಗೆ ಹೋಗಿ. ಅನುಭವವಿರುವ ಒಬ್ಬರಿಗೆ ಇದು ಸುಮಾರು ಎರಡು ವಾರದ ಕೆಲಸ. ಮಾಲೀಕರಿಗೆ ಇದನ್ನು ಮೊದಲೇ ಹೇಳಿ, ಜೊತೆಗೆ ಇನ್ನೊಂದನ್ನೂ ಹೇಳಿ: ಟೆಂಪ್ಲೇಟಿನಿಂದ ಪ್ರತಿ ಪ್ರಾಜೆಕ್ಟಿಗೆ ಉಳಿಯುವುದು ಒಂದೆರಡು ದಿನ ಅಷ್ಟೇ. ದೊಡ್ಡ ಉಳಿತಾಯ ಬರುವುದು ಆಮೇಲಿನ ನಿರ್ವಹಣೆಯಲ್ಲಿ. ಹಳೇ ಪ್ರಾಜೆಕ್ಟುಗಳನ್ನು ಒಂದೇ ಸಲ ಹೊಸ ಪೇರೆಂಟಿಗೆ ತರಲು ಹೋಗಬೇಡಿ. ಬೇರೆ ಕೆಲಸಕ್ಕೆಂದು ಒಂದನ್ನು ತೆರೆದಾಗ ಅದನ್ನು ಬದಲಿಸಿ, ಹಾಗೆ ಒಂದೊಂದಾಗಿ ಬರಲಿ.

ಈ ವಾರವೇ ನೋಡಬೇಕಾದ ಒಂದು ವಿಷಯವಿದೆ, ಟೆಂಪ್ಲೇಟ್ ಆಗಲಿ ಬಿಡಲಿ. ನಕಲು ಮಾಡುವಾಗ ಅಪ್ಲಿಕೇಶನ್ ಪ್ರಾಪರ್ಟೀಸ್ ಫೈಲಿನಲ್ಲಿದ್ದ ಜೆಡಬ್ಲ್ಯೂಟಿ (ಲಾಗಿನ್ ಆದವರ ಗುರುತು ಹೇಳುವ ಟೋಕನ್) ಸಹಿಯ ಕೀ ಕೂಡ ನಕಲಾಗಿದೆಯೇ ಎಂದು ಪರೀಕ್ಷಿಸಿ. ಎಲ್ಲ ಗ್ರಾಹಕರ ಸರ್ವರಿನಲ್ಲೂ ಒಂದೇ ಕೀ ಇದ್ದು, ಶಾಲೆಗೆ ಸೋರ್ಸ್ ಕೋಡ್ ಒಪ್ಪಿಸಿದರೆ, ಆ ಕೋಡ್ ನೋಡಿದವರು ಸಹಕಾರಿ ಸಂಘದ ಮ್ಯಾನೇಜರ್ ಹೆಸರಿನಲ್ಲಿ ಟೋಕನ್ ತಯಾರಿಸಿ ಒಳಗೆ ಹೋಗಬಹುದು. ಜನರ ಠೇವಣಿಯ ಲೆಕ್ಕ ಅಲ್ಲಿದೆ. ಕೀಗಳನ್ನು ಬದಲಿಸಿ, ಕೋಡಿನಿಂದ ತೆಗೆದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಹಾಕಿ. ಡಾಟ್‌ಗಿಟ್ ಫೋಲ್ಡರ್ ಸಮೇತ ನಕಲು ಮಾಡಿದ್ದರೆ ಹಿಂದಿನ ಗ್ರಾಹಕರ ಪಾಸ್‌ವರ್ಡ್ ಇತಿಹಾಸದಲ್ಲಿ ಉಳಿದಿರುತ್ತದೆ, ಫೈಲಿನಿಂದ ಅಳಿಸಿದರೆ ಸಾಲದು. ಟೆಂಪ್ಲೇಟಿನಲ್ಲಿ ಕೀಗೆ ಡೀಫಾಲ್ಟ್ ಬೆಲೆ ಕೊಡಲೇಬಾರದು. ಕೊಡದಿದ್ದರೆ ಅಪ್ಲಿಕೇಶನ್ ಶುರುವಾಗುವುದೇ ಇಲ್ಲ, ಆಗ ಯಾರೂ ಮರೆಯುವುದಿಲ್ಲ.

ಹಳತಾಗುವ ಭಯಕ್ಕೆ ಉಪಾಯ ಇಷ್ಟು. ವಾರಕ್ಕೊಮ್ಮೆ ಗಿಟ್‌ಹಬ್‌ನ ಸ್ವಯಂಚಾಲಿತ ಸೇವೆ ಆಕ್ಷನ್ಸ್ ತಾನಾಗಿ ಟೆಂಪ್ಲೇಟಿನಿಂದ ಒಂದು ಹೊಸ ಪ್ರಾಜೆಕ್ಟ್ ಹುಟ್ಟಿಸಿ, ಬಿಲ್ಡ್ ಮಾಡಿ, ಟೆಸ್ಟ್ ಓಡಿಸಲಿ. ಕೆಂಪಾದರೆ, ಅಂದರೆ ಅದು ವಿಫಲವಾದರೆ, ಆ ವಾರವೇ ಸರಿಮಾಡಿ. ಆರ್ಕಿಟೈಪಿನಲ್ಲಿ ಇದಕ್ಕೆಂದೇ ಇಂಟಿಗ್ರೇಶನ್ ಟೆಸ್ಟ್ ವ್ಯವಸ್ಥೆಯಿದೆ. ಹೊಸ ಆವೃತ್ತಿಗಳನ್ನು ಗಮನಿಸುವ ಡಿಪೆಂಡಬಾಟ್ ಅಥವಾ ರೆನೊವೇಟ್ ಹಚ್ಚಿಟ್ಟರೆ ಪೇರೆಂಟಿನ ಹೊಸ ಆವೃತ್ತಿ ಬಂದಾಗ ಪ್ರತಿ ಪ್ರಾಜೆಕ್ಟಿಗೂ ಪುಲ್ ರಿಕ್ವೆಸ್ಟ್ (ಬದಲಾವಣೆಯ ಪ್ರಸ್ತಾಪ) ತಾನಾಗಿ ಬರುತ್ತದೆ, ನಿಮ್ಮ ಖಾಸಗಿ ರೆಪೊಸಿಟರಿಯ ಟೋಕನನ್ನು ಅದಕ್ಕೂ ಕೊಟ್ಟಿರಬೇಕು. ದೊಡ್ಡ ಜಿಗಿತಗಳು ಮಾತ್ರ ಕೈಕೆಲಸವೇ. ನವೆಂಬರ್ 2022ರಲ್ಲಿ ಬಂದ ಸ್ಪ್ರಿಂಗ್ ಬೂಟ್ 3.0 ಕನಿಷ್ಠ ಜಾವಾ 17 ಕೇಳಿತು, ಸರ್ವ್‌ಲೆಟ್, ಪರ್ಸಿಸ್ಟೆನ್ಸ್‌ನಂಥ ಇಂಪೋರ್ಟುಗಳ ಹೆಸರನ್ನು ಜಾವಾಎಕ್ಸ್ ಎಂಬುದರಿಂದ ಜಕಾರ್ತಾ ಎಂಬುದಕ್ಕೆ ಬದಲಿಸುವಂತೆ ಮಾಡಿತು. ಅದನ್ನು ಯಾವ ಪೇರೆಂಟ್ ಪಾಮೂ ಮರೆಮಾಡಲಾರದು. ಕೋಡ್ ತಿದ್ದುವ ಉಪಕರಣ ಓಪನ್‌ರಿರೈಟ್ ಬಹುಪಾಲನ್ನು ತಾನೇ ತಿದ್ದುತ್ತದೆ, ಉಳಿದದ್ದಕ್ಕೆ ಟೆಸ್ಟುಗಳೇ ಆಸರೆ.

ಸೋರ್ಸ್ ಕೋಡ್ ಒಪ್ಪಿಸುವ ವಿಚಾರ ಕೊನೆಯಲ್ಲಿ ಕೇಳಿದ್ದೀರಿ, ಆದರೆ ಇದನ್ನು ಶುರುವಿನಲ್ಲೇ ಯೋಚಿಸಬೇಕು. ಪೇರೆಂಟ್ ಮತ್ತು ಲೈಬ್ರರಿ ನಿಮ್ಮ ಖಾಸಗಿ ರೆಪೊಸಿಟರಿಯಲ್ಲಿದ್ದರೆ ಗ್ರಾಹಕರ ಕಡೆಯವರು ಬಿಲ್ಡ್ ಮಾಡಲು ಹೋದಾಗ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಒಪ್ಪಿಸುವಾಗ ಆ ಎರಡರ ಆ ಆವೃತ್ತಿಯನ್ನೂ ಒಂದು ಫೋಲ್ಡರಿನಲ್ಲಿ ಫೈಲ್ ರೆಪೊಸಿಟರಿಯಾಗಿ ಜೊತೆಗೆ ಕೊಡಿ, ನಿಮ್ಮ ಟೋಕನ್ ಇಲ್ಲದ ಖಾಲಿ ಯಂತ್ರದಲ್ಲಿ ಒಮ್ಮೆ ಬಿಲ್ಡ್ ಮಾಡಿ ನೋಡಿಯೇ ಕೊಡಿ. ಹಕ್ಕಿನ ಮಾತು ಬೇರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುತ್ತದೆ, ಹಕ್ಕು ವರ್ಗಾವಣೆ ಲಿಖಿತವಾಗಿಯೇ ಆಗಬೇಕು. ‘ಎಲ್ಲ ಸೋರ್ಸ್ ಕೋಡಿನ ಹಕ್ಕು ಗ್ರಾಹಕರದು’ ಎಂದು ಒಂದೇ ಸಾಲು ಬರೆದು ಸಹಿ ಹಾಕಿದರೆ ನಿಮ್ಮ ಲೈಬ್ರರಿಯೂ ಅದರೊಳಗೆ ಹೋಗುತ್ತದೆ, ಮುಂದಿನ ಗ್ರಾಹಕರಿಗೆ ಅದನ್ನು ಬಳಸುವುದೇ ತಕರಾರಾಗುತ್ತದೆ. ಗ್ರಾಹಕರಿಗಾಗಿಯೇ ಬರೆದ ಕೋಡಿನ ಹಕ್ಕು ಅವರಿಗೆ, ಪೇರೆಂಟ್ ಮತ್ತು ಲೈಬ್ರರಿಯ ಹಕ್ಕು ನಿಮ್ಮದು, ಅವುಗಳನ್ನು ಕಾಯಂ ಬಳಸುವ ಅನುಮತಿ ಅವರಿಗೆ ಎಂದು ಒಪ್ಪಂದದಲ್ಲಿ ಬಿಡಿಸಿ ಬರೆಸಿ, ಸಹಿಗೆ ಮೊದಲು ವಕೀಲರಿಗೆ ತೋರಿಸಿ. ಈಗಾಗಲೇ ಸಹಿಯಾದ ಒಪ್ಪಂದಗಳಿದ್ದರೆ ಅವುಗಳನ್ನೂ ತೆಗೆದು ಓದಿ. ಹಕ್ಕು ಬಿಟ್ಟುಕೊಟ್ಟ ಕೋಡನ್ನು ಹೊಸ ಲೈಬ್ರರಿಗೆ ಎತ್ತಿಕೊಳ್ಳದೆ ಆ ಭಾಗವನ್ನು ಹೊಸದಾಗಿ ಬರೆಯಿರಿ.